ಕೈಕಾಲುಗಳ ಬಿಡದ ತುರಿಕೆ: ಗಡಿನಾಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರಿನ ಕಡೆಯ ಮನೆಗಳಲ್ಲಿ ಕೈಕಾಲು ತುರಿಸುವುದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ತೋಟದ ಕೆಲಸ, ಮಳೆ, ಕೆಸರು, ಅಡಿಕೆ ಸುಲಿಯುವ ಧೂಳು ಇವುಗಳ ನಡುವೆ ಬದುಕುವವರಿಗೆ ತುರಿಕೆ ಬಂದು ಹೋಗುವ ನೆಂಟ. ಆದರೆ ಆ ನೆಂಟ ತಿಂಗಳುಗಟ್ಟಲೆ ಕುಳಿತು, ರಾತ್ರಿಯ ನಿದ್ದೆಯನ್ನೇ ಕಸಿದುಕೊಂಡಾಗ ಒಬ್ಬೊಬ್ಬರು ಒಂದೊಂದು ಮದ್ದು ಹೇಳುತ್ತಾರೆ. ಅವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯವು, ಕೆಲವು ನಿರಪಾಯ, ಇನ್ನು ಕೆಲವು ಚರ್ಮವನ್ನು ಸುಡುತ್ತವೆ. ನೆರೆಹೊರೆಯವರೂ ಬಂಧುಗಳೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮದ್ದು ಹಚ್ಚುವ ಮೊದಲು ತುರಿಕೆಯ ಕಾರಣವನ್ನು ಮನೆಯಲ್ಲೇ ತಿಳಿಯಬಹುದೇ?

ಪೂರ್ತಿಯಾಗಿ ಅಲ್ಲದಿದ್ದರೂ ಬಹಳಷ್ಟು ತಿಳಿಯಬಹುದು. ಹಗಲು ಬೆಳಕಿನಲ್ಲಿ ಕುಳಿತು ಕೈ ಮತ್ತು ಪಾದಗಳನ್ನು ನಿಧಾನವಾಗಿ ನೋಡಿ. ಬೆರಳುಗಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದು, ರಾತ್ರಿ ಹೊದ್ದು ಮಲಗಿದ ಮೇಲೆ ತುರಿಕೆ ಹೆಚ್ಚಾಗುತ್ತಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ತೊಂದರೆಯಿದ್ದರೆ, ಅದು ಬಹುಶಃ ಕಜ್ಜಿ. ಕಾಲಿನ ಕಿರುಬೆರಳ ಸಂದು ಬೆಳ್ಳಗೆ ನೆನೆದಂತಾಗಿ, ಸಿಪ್ಪೆಯೆದ್ದು, ವಾಸನೆ ಬರುತ್ತಿದ್ದರೆ ಅದು ಶಿಲೀಂಧ್ರದ ಸೋಂಕು. ಪಾತ್ರೆ ಬಟ್ಟೆ ತೊಳೆಯುವವರ ಅಂಗೈ ಒಣಗಿ, ಗೆರೆಗೆರೆಯಾಗಿ ಒಡೆದು ತುರಿಸಿದರೆ ಸಾಬೂನಿನ ಮೇಲೆ ಸಂಶಯಪಡಬೇಕು. ಚಪ್ಪಲಿಯ ಪಟ್ಟಿ ತಾಗುವ ಜಾಗದಲ್ಲಿ ಮಾತ್ರ, ಅದೇ ಆಕಾರದಲ್ಲಿ ಕೆಂಪಾಗಿದ್ದರೆ ಕಾರಣ ಚಪ್ಪಲಿಯ ರಬ್ಬರಿನಲ್ಲೋ ಅಂಟಿನಲ್ಲೋ ಇರುತ್ತದೆ. ಚರ್ಮದ ಮೇಲೆ ಏನೂ ಕಾಣಿಸದೆ ಅಂಗೈ ಅಂಗಾಲು ಮಾತ್ರ ತುರಿಸಿದರೆ ಕಾರಣ ಹೊರಗಿಲ್ಲ, ದೇಹದ ಒಳಗಿರಬಹುದು.

ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಎಣ್ಣೆಯಾಗಲಿ ಎಲೆಯಾಗಲಿ ಒಣಗಿದ ಚರ್ಮವನ್ನು ಸಂತೈಸಬಲ್ಲದು. ಆದರೆ ಚರ್ಮದೊಳಗೆ ಬಿಲ ತೋಡಿದ ಹುಳವನ್ನೋ ಪಿತ್ತಕೋಶದ ತೊಂದರೆಯನ್ನೋ ತೆಗೆಯಲಾರದು. ಆದ್ದರಿಂದ ಯಾವ ಎಣ್ಣೆ ಎಂದು ಕೇಳುವ ಮೊದಲು ಯಾವ ತುರಿಕೆ ಎಂದು ಕೇಳಿಕೊಳ್ಳಬೇಕು.

ತೆಂಗಿನೆಣ್ಣೆ ಹಚ್ಚಿದರೆ ಸಾಕೇ?

ಒಣ ಚರ್ಮದ ತುರಿಕೆಗೆ ಅನೇಕ ಸಲ ಅಷ್ಟೇ ಸಾಕು. ಆದರೆ ಹಚ್ಚುವ ಹೊತ್ತು ಸರಿಯಾಗಿರಬೇಕು. ನಮ್ಮಲ್ಲಿ ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ, ಆಮೇಲೆ ಸಾಬೂನಿನಿಂದ ಅದನ್ನು ಪೂರ್ತಿಯಾಗಿ ತೆಗೆದುಬಿಡುವ ರೂಢಿಯಿದೆ. ತುರಿಕೆಯ ಮಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸ್ನಾನವಾದ ಮೇಲೆ ನೀರನ್ನು ಉಜ್ಜದೆ ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ಸ್ವಲ್ಪ ತೇವವಿರುವಾಗಲೇ, ಅಂದರೆ ಎರಡು ಮೂರು ನಿಮಿಷದೊಳಗೆ, ತೆಳ್ಳಗೆ ಹಚ್ಚಬೇಕು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ನೀರು ಆರಿಹೋಗದಂತೆ ತಡೆಯುತ್ತದೆ. ಒಣಗಿದ ಮೇಲೆ ಹಚ್ಚಿದರೆ ತಡೆಯಲು ಅಲ್ಲಿ ನೀರೇ ಉಳಿದಿರುವುದಿಲ್ಲ.

ಕಾಯಿಹಾಲಿನಿಂದ ಮನೆಯಲ್ಲಿ ತೆಗೆದ ಎಣ್ಣೆಯಾದರೆ ಇನ್ನೂ ಉತ್ತಮ. ಇಸಬಿನಿಂದ ಒಣಗಿದ ಚರ್ಮಕ್ಕೆ ಇಂತಹ ಎಣ್ಣೆ ಒಳ್ಳೆಯದೆಂದು ವೈದ್ಯಕೀಯ ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ರಾತ್ರಿ ಮಲಗುವಾಗ ಪಾದಗಳಿಗೆ ಹಚ್ಚಿ ಹಳೆಯ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಬೆಳಗ್ಗೆ ವ್ಯತ್ಯಾಸ ತಿಳಿಯುತ್ತದೆ. ಬೆರಳ ಸಂದು ನೆನೆದು ಸಿಪ್ಪೆಯೆದ್ದಿದ್ದರೆ ಮಾತ್ರ ಅಲ್ಲಿಗೆ ಎಣ್ಣೆ ಬೇಡ. ಆ ಜಾಗ ಒಣಗಿರಬೇಕು.

ಬಿಸಿನೀರು ಹೊಯ್ದುಕೊಂಡರೆ ಬಹಳ ಹಿತವಾಗುತ್ತದೆ. ಅದು ತಪ್ಪೇ?

ಬಚ್ಚಲಿನ ಹಂಡೆಯಿಂದ ಸುಡುವ ನೀರನ್ನು ತುರಿಸುವ ಕಾಲಿಗೆ ಹೊಯ್ದುಕೊಳ್ಳುವ ಸುಖ ಅನುಭವಿಸಿದವರಿಗೇ ಗೊತ್ತು. ಆ ಕ್ಷಣಕ್ಕೆ ತುರಿಕೆ ನಿಲ್ಲುವುದು ನಿಜ, ಏಕೆಂದರೆ ಸುಡುವ ಸಂವೇದನೆ ತುರಿಕೆಯ ಸಂವೇದನೆಯನ್ನು ಮುಚ್ಚಿಬಿಡುತ್ತದೆ. ಆದರೆ ಬಿಸಿನೀರು ಚರ್ಮದ ಸ್ವಂತ ಜಿಡ್ಡನ್ನು ತೊಳೆದುಹಾಕುವುದರಿಂದ ಗಂಟೆಯೊಳಗೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಹತ್ತು ನಿಮಿಷದ ಸ್ನಾನ ಸಾಕು. ತುರಿಕೆ ತಡೆಯಲಾಗದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಖರ್ಚಿಲ್ಲದ, ಅಪಾಯವಿಲ್ಲದ ಈ ಉಪಾಯವನ್ನು ಮನೆಮದ್ದುಗಳಲ್ಲೆಲ್ಲ ಮೊದಲನೆಯದೆಂದು ನಾನು ಎಣಿಸುತ್ತೇನೆ.

ಸಾಬೂನಿನ ವಿಷಯವೂ ಇದಕ್ಕೆ ಸೇರಿದ್ದು. ಚರ್ಮ ಸಹಜವಾಗಿ ಸ್ವಲ್ಪ ಆಮ್ಲೀಯವಾದದ್ದು, ಬಟ್ಟೆಯ ಸಾಬೂನು ತೀಕ್ಷ್ಣ ಕ್ಷಾರ. ತೋಟದಿಂದ ಬಂದು ಬಟ್ಟೆಯ ಸಾಬೂನಿನಿಂದಲೇ ಕೈಕಾಲು ಉಜ್ಜುವ ಅಭ್ಯಾಸವನ್ನು ಬಿಟ್ಟಷ್ಟಕ್ಕೇ ತುರಿಕೆ ಕಡಿಮೆಯಾದವರನ್ನು ಕಂಡಿದ್ದೇನೆ. ಕಡಲೆಹಿಟ್ಟು ಅಥವಾ ಹೆಸರುಹಿಟ್ಟಿನಿಂದ ತೊಳೆದರೆ ಕೊಳೆಯೂ ಹೋಗುತ್ತದೆ, ಜಿಡ್ಡೂ ಸ್ವಲ್ಪ ಉಳಿಯುತ್ತದೆ.

ಬೇವು, ಅರಿಶಿನ, ಗರಿಕೆ ಇವುಗಳಿಂದ ಗುಣವಾಗುವುದೇ?

ಬೇವಿನ ಎಲೆ ಕುದಿಸಿ ತಣಿಸಿದ ನೀರಿನಲ್ಲಿ ಕೈಕಾಲು ತೊಳೆಯುವುದರಿಂದ ತೊಂದರೆಯಿಲ್ಲ, ಹಲವರಿಗೆ ಹಿತವೂ ಆಗುತ್ತದೆ. ಬೇವು ಮತ್ತು ಅರಿಶಿನದ ಲೇಪದಿಂದ ಕಜ್ಜಿ ವಾಸಿಯಾದುದರ ಬಗ್ಗೆ 1992ರಲ್ಲಿ 814 ಮಂದಿಯ ಮೇಲೆ ನಡೆದ ಒಂದು ಪ್ರಾಥಮಿಕ ಅಧ್ಯಯನವೂ ಪ್ರಕಟವಾಗಿತ್ತು. ಹೆಚ್ಚಿನವರು ಎರಡು ವಾರಗಳೊಳಗೆ ಗುಣವಾದರೆಂದು ಅದರಲ್ಲಿತ್ತು. ಆದರೆ ಪ್ರಾಥಮಿಕ ಅಧ್ಯಯನವೊಂದನ್ನೇ ನೆಚ್ಚಿಕೊಂಡು, ಪರೀಕ್ಷಿತವಾದ ಮುಲಾಮು ಕೈಗೆ ಸಿಗುವಾಗ ಮನೆಮಂದಿಯನ್ನೆಲ್ಲ ವಾರಗಟ್ಟಲೆ ತುರಿಸುತ್ತಾ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ಗರಿಕೆ ಮತ್ತು ಅರಿಶಿನವನ್ನು ಅರೆದು ಹಚ್ಚುವುದು ನಮ್ಮ ಅಜ್ಜಿಯಂದಿರ ಮದ್ದು. ಮಲಯಾಳದ ವೈದ್ಯಶಾಲೆಗಳಲ್ಲಿ ಸಿಗುವ ನಾಲ್ಪಾಮರಾದಿ ಕೇರ ತೈಲ, ಅಂದರೆ ಆಲ, ಅಶ್ವತ್ಥ, ಅತ್ತಿ ಮತ್ತು ಬಸರಿಯ ತೊಗಟೆ ಸೇರಿಸಿ ತೆಂಗಿನೆಣ್ಣೆಯಲ್ಲಿ ಕಾಯಿಸಿದ್ದು, ಇಲ್ಲಿ ಎಲ್ಲರಿಗೂ ಪರಿಚಿತ. ಯಾವುದನ್ನೇ ಆಗಲಿ ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ರೂಪಾಯಿಯ ನಾಣ್ಯದಷ್ಟು ಹಚ್ಚಿ ಒಂದು ದಿನ ಕಾಯಿರಿ. ಉರಿಯೋ ಕೆಂಪೋ ಕಂಡರೆ ಅದು ನಿಮಗೆ ಹೊಂದುವ ಮದ್ದಲ್ಲ. ಒಡೆದ ಚರ್ಮಕ್ಕೆ, ರಸಿಗೆ ಒಸರುವ ಹುಣ್ಣಿಗೆ ಹಸಿ ಎಲೆಯ ಲೇಪ ಬೇಡವೇ ಬೇಡ. ಒಸರುವ ಜಾಗಕ್ಕೆ, ಕುದಿಸಿ ತಣಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ, ಶುದ್ಧ ಬಟ್ಟೆ ಅದ್ದಿ ಇಡುವುದು ಸುರಕ್ಷಿತ.

ಮನೆಯಲ್ಲಿ ಎಲ್ಲರಿಗೂ ತುರಿಕೆ. ಕಜ್ಜಿಗೆ ಮನೆಮದ್ದಿಲ್ಲವೇ?

ಕಜ್ಜಿಯನ್ನು ಉಂಟುಮಾಡುವುದು ಬರಿಗಣ್ಣಿಗೆ ಕಾಣಿಸಲಾರದಷ್ಟು ಸಣ್ಣ ನುಸಿ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಮೊದಲ ಸಲ ತಗಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ, ತನಗೇನೂ ಆಗಿಲ್ಲ ಎನ್ನುವವರೂ ಅಷ್ಟರಲ್ಲಿ ಇತರರಿಗೆ ಹಂಚಿರುತ್ತಾರೆ. ಇಲ್ಲಿಯೇ ಹೆಚ್ಚಿನ ಮನೆಗಳು ಸೋಲುವುದು. ನಮ್ಮ ಮನೆಯಲ್ಲಿಯೇ ಮೂರು ಸಲ ಮುಲಾಮು ಹಚ್ಚಿದರೂ ಕಜ್ಜಿ ಮರಳಿ ಬಂತು. ಕೊನೆಗೆ ನೋಡಿದರೆ, ತುರಿಕೆಯಿಲ್ಲವೆಂದು ಮಾವ ಒಂದು ಸಲವೂ ಹಚ್ಚಿಕೊಂಡಿರಲಿಲ್ಲ.

ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಶೇಕಡಾ 5ರ ಪರ್ಮೆಥ್ರಿನ್ ಮುಲಾಮು. ತುರಿಸುವ ಜಾಗಕ್ಕೆ ಮಾತ್ರವಲ್ಲ, ಕುತ್ತಿಗೆಯಿಂದ ಕೆಳಗೆ ಇಡೀ ಮೈಗೆ, ಉಗುರಿನ ಅಡಿ, ಬೆರಳ ಸಂದು, ಅಂಗಾಲು ಬಿಡದೆ ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಒಂದು ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಮರುದಿನ ಹೊದಿಕೆ, ಬೈರಾಸು, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟುಬಿಡಿ. ಮನುಷ್ಯನ ಮೈ ಬಿಟ್ಟರೆ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಚ್ಚಿದ ಮೇಲೂ ಎರಡು ಮೂರು ವಾರ ತುರಿಕೆ ಉಳಿಯುವುದು ಸಹಜ. ಅದಕ್ಕೆ ಹೆದರಿ ದಿನವೂ ಮುಲಾಮು ಹಚ್ಚಬಾರದು.

ಹಿಂದಿನವರು ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದುದು ಬರಿಯ ನಂಬಿಕೆಯಲ್ಲ. ಅಳತೆಗೆ ತಯಾರಿಸಿದ ಗಂಧಕದ ಮುಲಾಮನ್ನು ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಇಂದಿಗೂ ಕೊಡುವುದುಂಟು. ಅಂದಾಜಿನಲ್ಲಿ ಕಲಸಿದರೆ ಚರ್ಮ ಸುಲಿಯುತ್ತದೆಯಾದ್ದರಿಂದ ಅದನ್ನು ಔಷಧದ ಅಂಗಡಿಯಿಂದಲೇ, ವೈದ್ಯರನ್ನು ಕೇಳಿ ತರುವುದು ಲೇಸು.

ಅಡಿಕೆಗೆ ಮದ್ದು ಬಿಟ್ಟ ಮೇಲೆ, ಗೇರುಬೀಜದ ಕೆಲಸವಾದ ಮೇಲೆ ಅಂಗೈ ತುರಿಸುತ್ತದೆ. ಏನು ಮಾಡಬೇಕು?

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣವಿರುತ್ತದೆ. ಸುಣ್ಣ ಚರ್ಮದ ಜಿಡ್ಡನ್ನು ಹೀರಿ ಒಡೆಯಿಸುತ್ತದೆ, ಮೈಲುತುತ್ತು ಒಡೆದ ಚರ್ಮವನ್ನು ಕೆರಳಿಸುತ್ತದೆ. ಮದ್ದು ಬಿಡುವವರಿಗಿಂತ, ಕೆಳಗೆ ನಿಂತು ಬರಿಗೈಯಿಂದ ಸುಣ್ಣ ಕಲಸುವವರಿಗೆ ಇದು ಹೆಚ್ಚು. ಕೋಲಿನಿಂದ ಕಲಸಿ, ರಬ್ಬರ್ ಕೈಚೀಲ ಹಾಕಿಕೊಳ್ಳಿ, ಕೆಲಸ ಮುಗಿದ ಕೂಡಲೇ ಧಾರಾಳ ನೀರಿನಿಂದ ತೊಳೆದು, ಆಮೇಲೆ ಎಣ್ಣೆ ಹಚ್ಚಿ. ಕೈಚೀಲದ ಒಳಗೆ ಬೆವರಿ ನೆನೆದರೆ ಅದೂ ತುರಿಸುತ್ತದೆ. ಒಳಗೆ ತೆಳ್ಳಗಿನ ಹತ್ತಿಯ ಕೈಚೀಲ ಹಾಕಿಕೊಂಡರೆ ಒಳ್ಳೆಯದು.

ಗೇರುಬೀಜದ ಸಿಪ್ಪೆಯ ಎಣ್ಣೆಯ ಕಥೆ ಬೇರೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ನೇರವಾಗಿಯೇ ಸುಡುತ್ತವೆ; ಕೆಲವರಿಗೆ ಅಲರ್ಜಿಯಾಗಿ ಬೇರೂರುತ್ತವೆ. ಮಾವಿನ ಸೊನೆಯೂ ಇದೇ ಬಳಗದ್ದು, ಗೇರಿಗೆ ಆಗದವರಿಗೆ ಮಾವಿನ ಸೊನೆಯೂ ಆಗದಿರಬಹುದು. ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆ ಹಚ್ಚಿ, ಬೂದಿ ಸವರಿಕೊಂಡು ಕುಳಿತುಕೊಳ್ಳುವುದು ಅನುಭವದಿಂದ ಬಂದ ಜಾಣತನ. ತಾಗಿದ ಮೇಲೆ ಬೇಗನೆ ತೊಳೆಯಿರಿ, ಕಣ್ಣು ಮುಖ ಮುಟ್ಟಬೇಡಿ. ಗುಳ್ಳೆಯೆದ್ದು ಬಾತುಕೊಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

ಯಾವ ಕೆಲಸದಿಂದ ಬರುತ್ತದೆಂದು ಗೊತ್ತಾಗದಿದ್ದರೆ, ಒಂದು ವಾರ ನೆಂಟರ ಮನೆಗೆ ಹೋದಾಗ ಕಡಿಮೆಯಾಯಿತೇ ಎಂದು ನೋಡಿ. ಮರಳಿ ಬಂದು ಕೆಲಸ ಹಿಡಿದ ಎರಡು ಮೂರು ದಿನದಲ್ಲಿ ತಿರುಗಿ ಬಂದರೆ ಕಾರಣ ನಿಮ್ಮ ಕೆಲಸದಲ್ಲಿದೆ.

ಕೆಸು, ಸುವರ್ಣಗಡ್ಡೆ ಹೆಚ್ಚಿದಾಗ ಬರುವ ತುರಿಕೆಗೆ?

ಈ ಗಡ್ಡೆಗಳಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿವೆ, ಅವು ಚರ್ಮಕ್ಕೆ ನಾಟುತ್ತವೆ. ಒಣ ಕೈಗೆ ಎಣ್ಣೆ ಹಚ್ಚಿ, ಗಡ್ಡೆಯನ್ನು ತೊಳೆಯುವ ಮೊದಲೇ ಸಿಪ್ಪೆ ತೆಗೆದರೆ ತೊಂದರೆ ಕಡಿಮೆ. ನಸುಗುನ್ನಿಯ, ಅಂದರೆ ಮಲಯಾಳದವರ ನಾಯ್ಕುರಣದ, ರೋಮ ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ಒಳಗಿಳಿಯುತ್ತದೆ. ಅಂಟುಪಟ್ಟಿಯನ್ನೋ ಕಲಸಿದ ಹಿಟ್ಟಿನ ಮುದ್ದೆಯನ್ನೋ ಒತ್ತಿ ಎತ್ತಿ ರೋಮ ತೆಗೆದು, ಆಮೇಲೆ ತೊಳೆಯಿರಿ. ಕಂಬಳಿಹುಳಕ್ಕೂ ಇದೇ ಕ್ರಮ.

ಮಳೆಗಾಲದಲ್ಲಿ ಕಾಲಬೆರಳ ಸಂದು ತುರಿಸುತ್ತದೆ. ಅಂಗಡಿಯಿಂದ ತಂದ ಮುಲಾಮಿಗೆ ಬೇಗ ಕಡಿಮೆಯಾಗಿ ಮತ್ತೆ ಬರುತ್ತದೆ, ಏಕೆ?

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಕಾಲು ಒಣಗಿಸಿಕೊಳ್ಳುವುದೇ ದೊಡ್ಡ ಮದ್ದು. ಸಂಜೆ ಕಾಲು ತೊಳೆದು ಒಂದೊಂದು ಸಂದನ್ನೂ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಗಾಳಿಯಾಡುವಂತೆ ಬಿಡಿ. ಒದ್ದೆ ಬೂಟನ್ನು ಮರುದಿನ ಹಾಗೆಯೇ ಹಾಕಿಕೊಳ್ಳಬೇಡಿ. ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಸಲ, ತುರಿಕೆ ನಿಂತ ಮೇಲೂ ಎರಡು ವಾರ ಹಚ್ಚಬೇಕು.

ಬೇಗ ಕಡಿಮೆಯಾಗಿ ಮತ್ತೆ ಬರುವುದಕ್ಕೆ ಹೆಚ್ಚಾಗಿ ಕಾರಣ, ಆ ಮುಲಾಮಿನಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಬೆರೆಸಿರುವ ಸ್ಟೀರಾಯ್ಡ್. ಅದು ತುರಿಕೆಯನ್ನು ಎರಡು ದಿನದಲ್ಲಿ ಅಡಗಿಸುತ್ತದೆ, ಶಿಲೀಂಧ್ರ ಮಾತ್ರ ಅಡ್ಡಿಯಿಲ್ಲದೆ ಹಬ್ಬುತ್ತದೆ. ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. ಕೇಂದ್ರ ಸರಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ತಂದದ್ದು ಈ ಕಾರಣಕ್ಕೇ. ಕೊಳವೆಯ ಮೇಲೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ಸ್ವಂತ ನಿರ್ಧಾರದಿಂದ ಹಚ್ಚಬೇಡಿ.

ತುರಿಸಿ ಗಾಯವಾದ ಕಾಲಿನಲ್ಲಿ ಕೆಸರಿಗಿಳಿಯುವುದು ಇಲಿಜ್ವರಕ್ಕೆ ದಾರಿ. ಗದ್ದೆ, ತೋಡು, ಚರಂಡಿಯ ಕೆಲಸಕ್ಕೆ ಹೋಗುವವರು ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಬರಿಗಾಲಿನಲ್ಲಿ ತೋಟ ಸುತ್ತುವವರ ಪಾದದಲ್ಲಿ ಹಾವಿನಂತೆ ವಕ್ರವಾದ ಕೆಂಪು ಗೆರೆ ಎದ್ದು ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿದ್ದರೆ, ಅದು ನಾಯಿ ಬೆಕ್ಕುಗಳ ಕೊಕ್ಕೆಹುಳದ ಮರಿ ಚರ್ಮದೊಳಗೆ ಸೇರಿದ್ದು; ಅದಕ್ಕೆ ಎಣ್ಣೆಯಲ್ಲ, ವೈದ್ಯರು ಕೊಡುವ ಮಾತ್ರೆ ಬೇಕು.

ಹಿಮ್ಮಡಿ ಒಡೆದು ತುರಿಸುವುದಕ್ಕೆ?

ಪುನರ್ಪುಳಿಯ ಬೀಜದಿಂದ ತೆಗೆದ ತುಪ್ಪ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ. ಗಟ್ಟಿಯಾಗಿರುವ ಅದು ಕೈಯ ಬಿಸಿಗೆ ಮೆದುವಾಗಿ ಬಿರುಕಿನೊಳಗೆ ನಿಲ್ಲುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಇಟ್ಟು, ಒರೆಸಿ, ರಾತ್ರಿ ಹಚ್ಚಿ.

ಗರ್ಭಿಣಿಗೆ ಅಂಗೈ ಅಂಗಾಲು ತುರಿಸುತ್ತದೆ. ಇದು ಸಹಜವೆನ್ನುತ್ತಾರೆ, ನಿಜವೇ?

ಈ ಪ್ರಶ್ನೆಗೆ ಉತ್ತರವನ್ನು ದಯವಿಟ್ಟು ಮನೆಯ ಹಿರಿಯ ಹೆಂಗಸರೂ ಓದಬೇಕು. ಹೊಟ್ಟೆಯ ಚರ್ಮ ಹಿಗ್ಗಿದಾಗ ಸ್ವಲ್ಪ ತುರಿಸುವುದು ಸಹಜ. ಆದರೆ ಕೊನೆಯ ಮೂರು ತಿಂಗಳುಗಳಲ್ಲಿ, ಗುಳ್ಳೆ ಕೆಂಪು ಏನೂ ಇಲ್ಲದೆ, ಅಂಗೈ ಅಂಗಾಲುಗಳು ರಾತ್ರಿ ತಡೆಯಲಾಗದಷ್ಟು ತುರಿಸಿದರೆ ಅದು ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದಿರುವುದರ ಲಕ್ಷಣವಾಗಿರಬಹುದು. ತಾಯಿಗೆ ಹೆರಿಗೆಯಾದ ಮೇಲೆ ಇದು ತಾನಾಗಿ ಗುಣವಾಗುತ್ತದೆ, ಅಪಾಯವಿರುವುದು ಮಗುವಿಗೆ. ರಕ್ತದಲ್ಲಿ ಪಿತ್ತಾಮ್ಲ ತುಂಬಾ ಹೆಚ್ಚಾದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಸಾಧ್ಯತೆಯೂ ಇದೆ. ಪಿತ್ತಾಮ್ಲ ಮತ್ತು ಯಕೃತ್ತಿನ ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಎಣ್ಣೆ ಹಚ್ಚಿ ಮರುದಿನ ನೋಡೋಣ ಎನ್ನದೆ, ಆ ದಿನವೇ ಹೆರಿಗೆ ವೈದ್ಯರಿಗೆ ತಿಳಿಸಿ.

ಚರ್ಮದಲ್ಲಿ ಏನೂ ಕಾಣುವುದಿಲ್ಲ, ಆದರೂ ತಿಂಗಳುಗಳಿಂದ ತುರಿಕೆ. ಯಾವ ಪರೀಕ್ಷೆ ಮಾಡಿಸಬೇಕು?

ಆರು ವಾರ ದಾಟಿದ ತುರಿಕೆಯನ್ನು ವೈದ್ಯರು ದೀರ್ಘಕಾಲದ ತುರಿಕೆ ಎನ್ನುತ್ತಾರೆ. ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ, ಕಬ್ಬಿಣಾಂಶದ ಕೊರತೆ ಇವೆಲ್ಲವೂ ತುರಿಕೆಯಾಗಿ ಕಾಣಿಸಿಕೊಳ್ಳಬಹುದು. ಸಾಮಾನ್ಯ ರಕ್ತಪರೀಕ್ಷೆಗಳಿಂದಲೇ ಇವುಗಳ ಸುಳಿವು ಸಿಗುತ್ತದೆ. ಕಣ್ಣು ಹಳದಿಯಾಗಿದ್ದರೆ, ಮೂತ್ರ ಗಾಢವಾಗಿದ್ದರೆ, ತೂಕ ಇಳಿಯುತ್ತಿದ್ದರೆ ಆರು ವಾರ ಕಾಯಬಾರದು. ಹೊಸದಾಗಿ ಶುರುಮಾಡಿದ ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.

ಮಚ್ಚೆಯಿದ್ದು ಅಲ್ಲಿ ತುರಿಸುವುದೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ ಎಂದಾದರೆ ಅದು ಬೇರೆಯೇ ವಿಷಯ. ಕುಷ್ಠದ ಪರೀಕ್ಷೆ ಮತ್ತು ಚಿಕಿತ್ಸೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ, ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ. ನಾಚಿಕೆಪಟ್ಟು ಮುಚ್ಚಿಡಬಾರದು.

ನಂಜಿನ ಪದಾರ್ಥ ಬಿಡಬೇಕೇ?

ಬದನೆ, ಹಲಸು, ಒಣಮೀನು ನಂಜು ಎಂದು ತುರಿಕೆಯವರಿಗೆ ಕೊಡದಿರುವುದು ನಮ್ಮ ಊರಿನ ವಾಡಿಕೆ. ಯಾವುದಾದರೊಂದನ್ನು ತಿಂದ ಗಂಟೆ ಎರಡು ಗಂಟೆಯೊಳಗೆ ಪ್ರತಿ ಸಲವೂ ಮೈಯಲ್ಲಿ ದದ್ದು ಏಳುತ್ತದೆಂದಾದರೆ ಅದೊಂದನ್ನು ಬಿಡಿ. ಹಾಗಿಲ್ಲದಿದ್ದರೆ, ಕೈಕಾಲಿನ ಹಳೆಯ ತುರಿಕೆಗೆ ಊಟ ಕಾರಣವಾಗುವುದು ಅಪರೂಪ. ಬೆಳೆಯುವ ಮಕ್ಕಳ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತಾ ಹೋಗುವುದು ಅನ್ಯಾಯ.

ಯಾವುದನ್ನು ಖಂಡಿತ ಹಚ್ಚಬಾರದು?

ಸೀಮೆಎಣ್ಣೆ, ಫಿನಾಯಿಲ್, ನೀರು ಬೆರೆಸದ ಡೆಟಾಲ್, ಬ್ಯಾಟರಿಯ ಆಮ್ಲ, ಹಲ್ಲಿನ ಪೇಸ್ಟ್ ಇವುಗಳನ್ನು ಹಚ್ಚಿಕೊಂಡು ಬಂದವರಿದ್ದಾರೆ. ಅರೆದ ಬೆಳ್ಳುಳ್ಳಿಯನ್ನು ಕಟ್ಟಿಟ್ಟರೆ ಸುಟ್ಟ ಗಾಯವೇ ಆಗುತ್ತದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಗುಳ್ಳೆಯೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕರ್ಪೂರ ಬೆರೆಸಿದ ತೆಂಗಿನೆಣ್ಣೆ ದೊಡ್ಡವರಿಗೆ ತಂಪೆನಿಸಬಹುದು, ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಕರ್ಪೂರ ಚರ್ಮದ ಮೂಲಕವೂ ಮೈಗಿಳಿಯುತ್ತದೆ, ಬಾಯಿಗೆ ಹೋದರೆ ಅಪಸ್ಮಾರದಂತೆ ಸೆಳೆತ ಬರಬಹುದು.

ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಲು ಬಾರದ ಹಿರಿಯರು ಏನು ಮಾಡಬೇಕು?

ಗಡಿನಾಡಿನ ಕನ್ನಡಿಗರಿಗೆ ಇದು ಸಣ್ಣ ಕಷ್ಟವಲ್ಲ. ಅಜ್ಜಿ ಉರಿಯೆಂದದ್ದು ತುರಿಕೆಯೆಂದೋ, ತುರಿಕೆಯೆಂದದ್ದು ನೋವೆಂದೋ ಚೀಟಿಯಲ್ಲಿ ಬರೆಯಲ್ಪಟ್ಟರೆ ಮದ್ದೂ ಬದಲಾಗುತ್ತದೆ. ತುರಿಕೆಗೆ ಮಲಯಾಳದಲ್ಲಿ ಚೊರಿಚ್ಚಿಲ್, ಜೋಮು ಹಿಡಿದಂತಾಗುವುದಕ್ಕೆ ಮರವಿಪ್ಪ್, ನೀರುಗುಳ್ಳೆಗೆ ಕುಮಿಳ, ಬಿರುಕಿಗೆ ವಿಳ್ಳಲ್ ಎನ್ನುತ್ತಾರೆ. ಒಂದು ಕಾಗದದಲ್ಲಿ ತುರಿಕೆ ಎಂದು ಶುರುವಾಯಿತು, ರಾತ್ರಿಯೋ ಹಗಲೋ, ಮನೆಯಲ್ಲಿ ಇನ್ನು ಯಾರಿಗಿದೆ, ಏನೆಲ್ಲ ಹಚ್ಚಿ ಆಯಿತು ಎಂಬುದನ್ನು ಶಾಲೆಗೆ ಹೋಗುವ ಮಕ್ಕಳಿಂದ ಮಲಯಾಳದಲ್ಲಿ ಬರೆಯಿಸಿ ಒಯ್ಯಿರಿ. ಹಚ್ಚಿದ ಮುಲಾಮಿನ ಖಾಲಿ ಕೊಳವೆಯನ್ನೂ ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.